ಹಿಂದೆ ಕೂತವರ ಮಾತು

ಎರಡು ದೀಪಾವಳಿ ನನ್ನ ಹೆಂಡತಿ ಪುಣೆಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋದಳು, ನಾನು ಬೈಕಿನಲ್ಲಿ ಹೋದೆ. ಜಗಳವೇನೂ ಆಗಿರಲಿಲ್ಲ. ಅದಕ್ಕೂ ಮುಂಚೆ ಏಳೆಂಟು ವರ್ಷ ನಾವಿಬ್ಬರೂ ಒಂದೇ ಗಾಡಿಯ ಮೇಲೆ ಹೋಗಿ ಬಂದವರು. ಬೆಳಗಿನ ಐದಕ್ಕೆ ಕಾತ್ರಜ್ ದಾಟಿದರೆ ಶಿರವಳದಲ್ಲಿ ಚಹಾ, ಖಂಬಾಟಕಿ ಘಾಟ್ ಹತ್ತಿಳಿದು ಸಾತಾರಾದ ಆಚೆ ನಾಷ್ಟಾ, ನಿಪ್ಪಾಣಿ ಬಂತೆಂದರೆ ಕನ್ನಡ ಬೋರ್ಡು. ನಾನೂರು ಚಿಲ್ಲರೆ ಕಿಲೋಮೀಟರ್ ದಾರಿ. ಒಂದು ವರ್ಷ ಕರಾಡ ದಾಟಿದ ಮೇಲೆ ಅವಳು ನನ್ನ ಭುಜ ತಟ್ಟಿ, "ರೀ, ಗಾಡಿ ನಿಲ್ಲಸ್ರಿ. ಬೆನ್ನ ಹಿಡೀತು" ಅಂದಳು. ನಿಲ್ಲಿಸಿದೆ. ಆ ದಿನ ಇನ್ನೂ ಐದು ಸಲ ನಿಲ್ಲಿಸಬೇಕಾಯಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು, ಸರ್ವಿಸ್ ರಸ್ತೆಗೆ ಹೊರಳಿಸಿದ್ದರು, ತಗ್ಗುದಿಣ್ಣೆ ಸಾಕಷ್ಟಿದ್ದವು. ನಾನು ರಸ್ತೆಯನ್ನು ಬೈದೆ. ಆಮೇಲೆ, ಹೇಳಲಿಕ್ಕೆ ನಾಚಿಕೆಯಾಗುತ್ತದೆ, "ನಿನಗೂ ಈಗ ವಯಸ್ಸಾತು" ಅಂದೆ. ಮುಂದಿನ ವರ್ಷ ಅವಳು ಸ್ಲೀಪರ್ ಬಸ್ಸಿನ ಟಿಕೆಟ್ ತೆಗೆಸಿದಳು.

ವಯಸ್ಸಾಗಿದ್ದು ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರುಗಳಿಗೆ. ಅದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಈ ಲೇಖನ ಬರೆಯುತ್ತಿರುವುದು ಅದಕ್ಕೇ. ದೂರ ಓಡುವ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಸಾಧ್ಯವಾದವರು ಮನೆಯಲ್ಲೇ ತಮ್ಮ ಕೈಯಾರೆ ಬದಲಿಸಬೇಕು ಎಂಬುದು ನನ್ನ ಅಭಿಪ್ರಾಯ. ದುಡ್ಡು ಉಳಿಯುತ್ತದೆ ಎಂದು ಈ ಮಾತು ಹೇಳುತ್ತಿಲ್ಲ, ಉಳಿಯುವುದು ಅಷ್ಟಕ್ಕಷ್ಟೇ. ಅದು ಕೆಟ್ಟಿದೆಯೋ ಇಲ್ಲವೋ ಎಂದು ನಿಜವಾಗಿ ಹೇಳಬಲ್ಲವರು ಮನೆಯಲ್ಲಿ ಇರುತ್ತಾರೆ, ಗ್ಯಾರೇಜಿನಲ್ಲಿ ಇರುವುದಿಲ್ಲ.

ಮೊದಲು ಆ ಹೆಸರಿನ ಬಗ್ಗೆ ಒಂದು ಮಾತು. ಶಾಕ್ ಅಬ್ಸಾರ್ಬರ್, ಗ್ಯಾರೇಜಿನ ಬಾಯಲ್ಲಿ ಶಾಕಪ್. ಹೆಸರಿನ ಪ್ರಕಾರ ಅದು ಹೊಡೆತ ನುಂಗಬೇಕು. ಆದರೆ ಹೊಡೆತ ತಗೊಳ್ಳುವುದು ಹೊರಗೆ ಕಾಣುವ ಸ್ಪ್ರಿಂಗು. ಗುಂಡಿಗೆ ಬಿದ್ದಾಗ ಸ್ಪ್ರಿಂಗು ಕುಗ್ಗುತ್ತದೆ, ಆ ಶಕ್ತಿಯನ್ನು ಇಟ್ಟುಕೊಳ್ಳುತ್ತದೆ, ಮರುಕ್ಷಣ ಬಹುಪಾಲು ಹಾಗೇ ವಾಪಸ್ ಕೊಡುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಗಾಡಿ ಜಾತ್ರೆಯ ಕುದುರೆಯ ಹಾಗೆ ಕುಣಿಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಒಳಗಿನ ಕೊಳವೆ. ಅದರಲ್ಲಿ ಎಣ್ಣೆ ಇದೆ, ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್ ಇದೆ, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳೂ ಅವುಗಳ ಮೇಲೆ ತೆಳ್ಳನೆಯ ಕವಾಟಗಳೂ ಇವೆ. ಸ್ಪ್ರಿಂಗು ಮೇಲೇಳುವಾಗ ಪಿಸ್ಟನ್ ಆ ಎಣ್ಣೆಯನ್ನು ತೂತುಗಳಿಂದ ದಾಟಿಸಿಕೊಂಡೇ ಬರಬೇಕು, ಆದ್ದರಿಂದ ನಿಧಾನಕ್ಕೆ ಬರುತ್ತದೆ. ಕುಣಿತದ ಶಕ್ತಿ ಎಣ್ಣೆಯ ಬಿಸಿಯಾಗಿ ಹೋಗುತ್ತದೆ. ಬ್ರಿಟಿಷರು ಇದನ್ನು ಡ್ಯಾಂಪರ್ ಅನ್ನುತ್ತಾರೆ, ಆ ಹೆಸರೇ ಸರಿ.

ಎಣ್ಣೆ ಬಹಳ ಬೇಗ ಹಿಂದೆಮುಂದೆ ಓಡಿದರೆ ಅದರಲ್ಲಿ ನೊರೆ ಏಳುತ್ತದೆ. ನೊರೆಗೆ ತಡೆಯುವ ತಾಕತ್ತಿಲ್ಲ. ಅದಕ್ಕೇ ಈಗಿನ ಶಾಕ್‌ಗಳಲ್ಲಿ ಒತ್ತಡದ ನೈಟ್ರೋಜನ್ ಅನಿಲ ತುಂಬಿರುತ್ತಾರೆ, ಒತ್ತಡದಲ್ಲಿರುವ ಎಣ್ಣೆ ಸುಲಭವಾಗಿ ನೊರೆಯಾಗುವುದಿಲ್ಲ. ವರ್ಷಗಳು ಕಳೆದಂತೆ ಸೀಲು ಸವೆದು ಅನಿಲ ತಪ್ಪಿಸಿಕೊಳ್ಳುತ್ತದೆ, ಎಣ್ಣೆ ತೆಳುವಾಗುತ್ತದೆ, ಕಾಲು ಚಮಚೆಯಷ್ಟು ಹೊರಗೂ ಜಿನುಗುತ್ತದೆ. ಇದೆಲ್ಲ ಎಷ್ಟು ಸಾವಕಾಶ ಆಗುತ್ತದೆಂದರೆ ಓಡಿಸುವವನಿಗೆ ಇವತ್ತಿನ ಗಾಡಿಗೂ ನಿನ್ನೆಯ ಗಾಡಿಗೂ ಎಂದೂ ವ್ಯತ್ಯಾಸ ಕಾಣುವುದಿಲ್ಲ. ತಂತಿ ಕಡಿದರೆ ಗೊತ್ತಾಗುತ್ತದೆ, ಬಲ್ಬ್ ಹೋದರೆ ಗೊತ್ತಾಗುತ್ತದೆ. ಶಾಕ್ ಹಾಗೆ ಒಂದು ದಿನ ಕೈಕೊಡುವ ಸಾಮಾನಲ್ಲ.

ಸವೆಯುತ್ತಿರುವ ಶಾಕ್ ಶುರುವಿಗೆ ಹಿತವಾಗಿಯೇ ಇರುತ್ತದೆ ಎಂಬುದು ಇನ್ನೂ ದೊಡ್ಡ ಮೋಸ. ತಡೆ ಕಡಿಮೆಯಾದ ಮೇಲೆ ಸಣ್ಣ ಉಬ್ಬುಗಳ ಮೇಲೆ ಗಾಡಿ ಮೆತ್ತಗೆ ತೇಲಿದಂತೆ ಆಗುತ್ತದೆ. "ಏನ್ ಸೀಟ್ ಆಗೇತಿ ನೋಡು ಗಾಡಿ, ಸೋಫಾ ಇದ್ದಂಗ" ಎಂದು ನಾನೇ ಗೆಳೆಯರಿಗೆ ಹೇಳಿದ್ದುಂಟು.

ಹಿಂದೆ ಕೂತವಳಿಗೆ ಅದು ಸೋಫಾ ಆಗಿರಲಿಲ್ಲ. ಕಾರಣ ಸರಳ, ಯಾರು ಬೇಕಾದರೂ ಅಳತೆಪಟ್ಟಿ ಹಿಡಿದು ನೋಡಬಹುದು. ಓಡಿಸುವವನು ಎರಡು ಚಕ್ರಗಳ ನಡುವೆ ಕೂತಿರುತ್ತಾನೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೇ ಇರುತ್ತಾರೆ. ಗಾಡಿಯ ಹಿಂಭಾಗ ಮೂರು ಇಂಚು ಜಿಗಿದರೆ ನನಗೆ ಎರಡು ಇಂಚಿನ ಆಸುಪಾಸು ತಟ್ಟುತ್ತದೆ, ಅವಳಿಗೆ ಪೂರ್ತಿ ಮೂರೂ. ನನ್ನ ಕೈಯಲ್ಲಿ ಹ್ಯಾಂಡಲ್ ಇದೆ, ಕಣ್ಣೆದುರು ರಸ್ತೆ ಇದೆ. ಗುಂಡಿ ಬರುವುದು ಕಂಡು ಕಾಲ ಮೇಲೆ ಭಾರ ಹಾಕಿ ಒಂದಿಷ್ಟು ಏಳುತ್ತೇನೆ. ಅವಳ ಎದುರಿಗಿರುವುದು ನನ್ನ ಹೆಲ್ಮೆಟ್ಟು. ಗುಂಡಿ ಬಂದದ್ದು ಬೆನ್ನಿಗೆ ಹೊಡೆದ ಮೇಲೆಯೇ ಗೊತ್ತು. ಬೈಕಿನ ಪತ್ರಿಕೆಗಳೂ ವೀಡಿಯೊಗಳೂ ಸಸ್ಪೆನ್ಷನ್ ಬಗ್ಗೆ ಎಷ್ಟೆಲ್ಲ ಬರೆಯುತ್ತವೆ, ಆದರೆ ಅದರ ಬಗ್ಗೆ ಮೊದಲು ಕೇಳಬೇಕಾದವರನ್ನು ಕೇಳುವುದು ಬಹಳ ಕಡಿಮೆ. ನಮ್ಮಲ್ಲಿ ಹಿಂದೆ ಕೂತವರು ಹೆಚ್ಚಾಗಿ ಹೆಂಗಸರು, ವಯಸ್ಸಾದ ತಾಯಂದಿರು. ಅವರು ಬೆನ್ನು ನೋವು ಅಂದರೆ ನಾವು ಮೂವ್ ಹಚ್ಚಿಕೊ ಅನ್ನುತ್ತೇವೆ.

ಅವಳು ಬಸ್ಸು ಹಿಡಿಯುವ ಮುಂಚೆ ನಾನು ಏನೂ ಮಾಡಲಿಲ್ಲ ಅಂತಲ್ಲ. ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ಕೌಂಟರಿನ ಹುಡುಗ ಜಾಬ್ ಕಾರ್ಡ್ ಮೇಲೆ ಎಲ್ಲ ಬರೆದುಕೊಂಡ: ಆಯಿಲು, ಚೈನು, ಬ್ರೇಕು. ಹಿಂದೆ ಕೂತವರಿಗೆ ಎತ್ತಿ ಹಾಕುತ್ತದೆ ಎಂದು ಹೇಳಿದೆ. ಅದಕ್ಕೆ ಕಾರ್ಡಿನಲ್ಲಿ ಜಾಗ ಇರಲಿಲ್ಲ, ಕೆಳಗಿನ ಗೆರೆಯ ಮೇಲೆ "ಹಿಂದೆ ಸಾಫ್ಟ್" ಎಂದು ಬರೆದ. ಸಂಜೆ ಗಾಡಿ ಕೊಡುವಾಗ, "ಸರ್, ಶಾಕಪ್ ಫುಲ್ ಟೈಟ್ ಮಾಡೇವಿ" ಎಂಬರ್ಥದ ಮಾತು ಮರಾಠಿಯಲ್ಲಿ ಹೇಳಿದ. ಅಂದರೆ ಸ್ಪ್ರಿಂಗಿನ ಕೆಳಗಿರುವ ಮೆಟ್ಟಿಲಿನ ಬಳೆಯನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ತಪ್ಪು ತಿಳುವಳಿಕೆ ಎಲ್ಲ ಕಡೆ ಇದೆ. ಆ ಬಳೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ, ಸುರುಳಿಯ ಅಗಲ, ಸುರುಳಿಗಳ ಸಂಖ್ಯೆ ಇವುಗಳಿಂದ ತೀರ್ಮಾನವಾಗಿದ್ದು. ಬಳೆ ಅದನ್ನು ಮುಟ್ಟುವುದಿಲ್ಲ. ಬಳೆಯಿಂದ ಬದಲಾಗುವುದು ಗಾಡಿಯ ಮೇಲೆ ಭಾರ ಬಿದ್ದಾಗ ಅದು ಎಷ್ಟು ಕೆಳಗೆ ಕೂಡುತ್ತದೆ ಎಂಬುದು. ಇಬ್ಬರು ಮತ್ತು ಎರಡು ಚೀಲ ಇದ್ದಾಗ ಅದನ್ನು ಏರಿಸುವುದು ಸರಿಯೇ. ಆದರೆ ಒಳಗಿನ ಡ್ಯಾಂಪರ್ ಸತ್ತಿರುವಾಗ ಏರಿಸಿದರೆ ಗಾಡಿ ಎತ್ತರದಲ್ಲಿ ನಿಂತುಕೊಂಡು ಕುಣಿಯುತ್ತದೆ, ಅಷ್ಟೆ. ಮರುವಾರ ಸಿಂಹಗಡದ ಕಡೆಗೆ ಒಂದು ಸುತ್ತು ಹೋದೆವು. ಮೊದಲಿಗಿಂತ ಕೆಟ್ಟದಾಗಿತ್ತು. ಅವಳು ಇಳಿದು, ಏನೂ ಮಾತಾಡದೆ, ಲಿಫ್ಟಿನ ಕಡೆ ನಡೆದಳು.

ಸತ್ಯ ಹೊರಬಿದ್ದಿದ್ದು ಒಬ್ಬನೇ ಹೋದ ಎರಡನೆಯ ದೀಪಾವಳಿಯಲ್ಲಿ. ಇಪ್ಪತ್ತು ಕಿಲೋಮೀಟರ್ ಕೆಟ್ಟ ಸರ್ವಿಸ್ ರಸ್ತೆ ಮುಗಿಸಿ ಒಂದು ಧಾಬಾದ ಮುಂದೆ ನಿಲ್ಲಿಸಿದ್ದೆ. ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ಹಿರಿಯರೊಬ್ಬರು, ಟ್ರಕ್ಕಿನ ಕೆಲಸ ಮಾಡಿದವರಿರಬೇಕು, ನನ್ನ ಗಾಡಿಯ ಹಿಂಭಾಗ ಒತ್ತಿ ಬಿಟ್ಟರು. ಅದು ಮೂರು ಸಲ ಮೇಲೆ ಕೆಳಗೆ ಆಡಿ ನಿಂತಿತು. ಒಳ್ಳೆಯ ಶಾಕ್ ಇದ್ದರೆ ಒಂದು ಸಲ ಎದ್ದು ಸುಮ್ಮನಾಗಬೇಕು. ಆಮೇಲೆ ಅವರು ಎಡಗಡೆಯ ಶಾಕ್‌ನ ಕೊಳವೆ ಮುಟ್ಟಿ ನೋಡು ಅಂದರು. ಮುಟ್ಟಿದೆ. ತಣ್ಣಗಿತ್ತು. ಅಷ್ಟು ದೂರ ಕೆಲಸ ಮಾಡಿದ ಡ್ಯಾಂಪರ್ ಬೆಚ್ಚಗಿರಬೇಕಲ್ಲ? ಬಲಗಡೆಯದು ಬೆಚ್ಚಗಿತ್ತು, ಆದರೆ ಅಲ್ಲಿ ಸೈಲೆನ್ಸರ್ ಇದೆ, ಆ ಬಿಸಿಯನ್ನು ನಂಬುವಂತಿಲ್ಲ. ದಂಡದ ಮೇಲೆ ಧೂಳು ಎಣ್ಣೆಯ ಜೊತೆ ಕೂಡಿ ಕರಿ ಕೆಸರಾಗಿತ್ತು. ಎರಡು ವರ್ಷ ಪ್ರತಿ ಭಾನುವಾರ ಗಾಡಿ ತೊಳೆದವನು ನಾನು. ಆ ಕೆಸರನ್ನು ಒರೆಸಿ ಹಾಕುತ್ತಿದ್ದವನೂ ನಾನೇ.

ಪುಣೆಗೆ ಬಂದು ಮಾಲೀಕರ ಕೈಪಿಡಿ ತೆಗೆದು ನೋಡಿದೆ. ಸರ್ವಿಸ್ ಪಟ್ಟಿಯಲ್ಲಿ ಇಷ್ಟು ಕಿಲೋಮೀಟರಿಗೆ ಆಯಿಲ್, ಇಷ್ಟಕ್ಕೆ ಏರ್ ಫಿಲ್ಟರ್, ಇಷ್ಟಕ್ಕೆ ಸ್ಪಾರ್ಕ್ ಪ್ಲಗ್ ಎಂದಿದೆ. ಹಿಂದಿನ ಶಾಕ್‌ಗೆ "ಸೋರಿಕೆ ಇದೆಯೇ ನೋಡಿ" ಎಂದು ಮಾತ್ರ. ನನ್ನ ಗಾಡಿ ಆಗ 62,000 ಕಿಲೋಮೀಟರ್ ಓಡಿತ್ತು. ಚೈನು ಮೂರು ಸಲ, ಟೈರು ನಾಲ್ಕು ಸಲ ಬದಲಾಗಿದ್ದವು. ಇದೊಂದು ಸಾಮಾನು ಫ್ಯಾಕ್ಟರಿಯಿಂದ ಬಂದದ್ದು ಹಾಗೇ ಇತ್ತು. ಅದೂ ಸವೆಯುವ ವಸ್ತು ಎಂದು ಯಾರೂ ಹೇಳಲಿಲ್ಲ. ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಬೇಕು ಎಂಬ ಸಂಖ್ಯೆ ಕೈಪಿಡಿಯಲ್ಲಿ ಇರಲಿಲ್ಲ, ಅಧಿಕೃತ ಡೀಲರನ್ನು ಸಂಪರ್ಕಿಸಿ ಎಂದಿತ್ತು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಒಂದು ಪೋರ್ಟಲನ್ನೂ ತೆರೆಯಿತು. ಮೊದಲು ಹಿಡಿದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಒಳ್ಳೆಯದೇ. ಆದರೆ ಹಕ್ಕು ಅನ್ನುವುದು ನನ್ನ ಮಟ್ಟಿಗೆ ಆ ಒಂದು ಸಂಖ್ಯೆ. ಅದು ಕೈಪಿಡಿಯ ಕೊನೆಯ ಪುಟದಲ್ಲಿ ಅಚ್ಚಾಗಿದ್ದರೆ ಕಂಪನಿಗೆ ಏನು ನಷ್ಟವಾಗುತ್ತಿತ್ತು? ನಾನು ಅದನ್ನು ಸರ್ವಿಸ್ ಮ್ಯಾನ್ಯುಯಲ್ ಇದ್ದ ಗೆಳೆಯನಿಂದ ಪಡೆದೆ.

ಹೊಸ ಜೋಡಿ ತರುವಾಗ ನೋಡಿದ್ದು ಮುಖ್ಯವಾಗಿ ಒಂದನ್ನೇ: ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ. ಅದು ಹಳೆಯದರಷ್ಟೇ ಇರಬೇಕು. ಉದ್ದವಾದದ್ದು ಹಾಕಿದರೆ ಗಾಡಿ ಹಿಂದೆ ಎತ್ತರವಾಗಿ ಮೂಗು ಮುರಿದುಕೊಂಡು ನಿಲ್ಲುತ್ತದೆ, ಹ್ಯಾಂಡಲಿನ ನಡತೆ ಬದಲಾಗುತ್ತದೆ, ಚೈನಿನ ಸಡಿಲ ಬದಲಾಗುತ್ತದೆ, ನಡು ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಬಿಡುವುದಿಲ್ಲ. ಚೆಂದ ಕಾಣುತ್ತದೆಂದು ಕೆಂಪು ಸ್ಪ್ರಿಂಗಿನ ಜೋಡಿ ತಂದು ಹಾಕಿಸಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ. ನನಗೆ ಎರಡಕ್ಕೂ ಸೇರಿ ಐದು ಸಾವಿರದ ಆಸುಪಾಸು ಆಯಿತು. ಒಂದೇ ಕೆಟ್ಟಿದ್ದರೂ ಎರಡೂ ಬದಲಿಸಬೇಕು; ಒಂದು ತಡೆದು ಇನ್ನೊಂದು ಬಿಟ್ಟುಕೊಟ್ಟರೆ ಸ್ವಿಂಗ್ ಆರ್ಮ್ ತಿರುಚುತ್ತದೆ.

ಕೆಲಸ ಮಾಡಿದ್ದು ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಅಲ್ಲಿನ ಗೋಡೆಯ ಮೇಲೆ ವಾಹನ ರಿಪೇರಿ ನಿಷೇಧಿಸಿದೆ ಎಂದು ಸೊಸೈಟಿಯ ಬೋರ್ಡಿದೆ. ಈ ಬೋರ್ಡು ಮುಂಬೈಯಲ್ಲಿ, ಹೈದರಾಬಾದಿನಲ್ಲಿ, ನೀವಿರುವ ಊರಿನಲ್ಲೂ ಇದ್ದೀತು. ಎಣ್ಣೆ ಚೆಲ್ಲುತ್ತಾರೆ ಎಂಬ ಭಯ ಅರ್ಥವಾಗುತ್ತದೆ. ಆದರೆ ತನ್ನ ಗಾಡಿಯ ನಾಲ್ಕು ಬೋಲ್ಟು ಬಿಚ್ಚುವುದೂ ಅಸಭ್ಯ ಎಂಬ ಭಾವ ಅದರ ಹಿಂದಿದೆ, ಅದು ನನಗೆ ಒಪ್ಪಿಗೆಯಿಲ್ಲ. ಚೇರ್ಮನ್ನರಿಗೆ ಹಿಂದಿನ ದಿನವೇ ಹೇಳಿದ್ದೆ. ಕೆಳಗೆ ಹಳೆ ಗೋಣಿಚೀಲ ಹಾಸುತ್ತೇನೆ ಅಂದೆ. ಅವರೂ ಒಂದು ಕಾಲದ ಸ್ಕೂಟರಿನವರು, ಬಂದು ಅರ್ಧ ಗಂಟೆ ಕುರ್ಚಿ ಹಾಕಿಕೊಂಡು ಕೂತರು.

ಎರಡು ಶಾಕ್ ಇರುವ ಗಾಡಿಯಲ್ಲಿ ಈ ಕೆಲಸ ಕಷ್ಟದ್ದಲ್ಲ. ಒಂದು ನಿಯಮ ಮಾತ್ರ ಮರೆಯಬಾರದು: ಎರಡನ್ನೂ ಒಟ್ಟಿಗೆ ಬಿಚ್ಚಬಾರದು. ನಡು ಸ್ಟ್ಯಾಂಡ್ ಮೇಲೆ ನಿಂತ ಗಾಡಿಯ ಹಿಂದಿನ ಚಕ್ರ ಗಾಳಿಯಲ್ಲಿ ತೂಗುತ್ತಿರುತ್ತದೆ, ಅದನ್ನು ಹಿಡಿದಿರುವುದು ಈ ಎರಡು ಶಾಕ್‌ಗಳೇ. ಒಂದು ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದು ಬಿಚ್ಚಿದರೆ ಸ್ವಿಂಗ್ ಆರ್ಮ್ ತನ್ನ ಜಾಗದಲ್ಲೇ ಇರುತ್ತದೆ, ಕಣ್ಣುಗಳು ಬೋಲ್ಟಿಗೆ ತಾವಾಗಿ ಎದುರಾಗುತ್ತವೆ. ನಾನು ಚಕ್ರದ ಕೆಳಗೆ ಒಂದು ಹಲಗೆ ತುಂಡನ್ನೂ ತುರುಕಿದ್ದೆ. ಟೂರಿಂಗ್ ಗಾಡಿಗಳಲ್ಲಿ ಒಂದು ಹೆಚ್ಚಿನ ತಾಪತ್ರಯ ಇದೆ: ಚೀಲ ಕಟ್ಟುವ ಕಬ್ಬಿಣದ ಸ್ಟೇಗಳನ್ನು ಶಾಕ್‌ನ ಮೇಲಿನ ಬೋಲ್ಟಿಗೇ ಸೇರಿಸಿರುತ್ತಾರೆ. ಅದನ್ನು ಮೊದಲು ಕಳಚಬೇಕು, ವಾಷರುಗಳು ಯಾವ ಸಾಲಿನಲ್ಲಿದ್ದವು ಎಂದು ಫೋನಿನಲ್ಲಿ ಫೋಟೊ ತೆಗೆದಿಡಬೇಕು.

ಎಡಗಡೆಯದು ಹದಿನೈದು ನಿಮಿಷದಲ್ಲಿ ಬಂತು. ಬಲಗಡೆಯ ಕೆಳಗಿನ ನಟ್ಟು ಸೈಲೆನ್ಸರಿನ ಹಿಂದೆ, ಎಂಟು ಮಳೆಗಾಲದ ತುಕ್ಕು ಹಿಡಿದು ಕೂತಿತ್ತು. ಸಡಿಲಿಸುವ ಎಣ್ಣೆ ಸಿಂಪಡಿಸಿ ಚಹಾ ಕುಡಿದು ಬಂದೆ, ಜಗ್ಗಲಿಲ್ಲ. ಮತ್ತೆ ಸಿಂಪಡಿಸಿದೆ. ಇಲ್ಲಿ ಅವಸರ ಮಾಡಿ ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ಎಳೆದರೆ ಬೋಲ್ಟೇ ಮುರಿಯುತ್ತದೆ, ಇಲ್ಲವೇ ಗಾಡಿ ಸ್ಟ್ಯಾಂಡಿನಿಂದ ಉರುಳುತ್ತದೆ. ಹೆಚ್ಚುಕಡಿಮೆ ಇನ್ನೂರು ಕಿಲೋ ತೂಕದ ಗಾಡಿ ಅದು. ಕೊನೆಗೆ ಸೈಲೆನ್ಸರನ್ನೇ ಸಡಿಲಿಸಿ ಸರಿಸಿ, ರಿಂಗ್ ಪಾನಾ ನೆಟ್ಟಗೆ ಕೂಡುವಂತೆ ಮಾಡಿದ ಮೇಲೆ ನಟ್ಟು "ಕಿರ್" ಎಂದಿತು. ಬಾಕಿ ಎಲ್ಲ ಸುಲಭ. ಬೋಲ್ಟು ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮೊದಲು ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ ನಾಲ್ಕು ಸಲ ಒತ್ತಿ ಕೂಡಿಸಿ, ಆಮೇಲೆ ಟಾರ್ಕ್ ರೆಂಚ್ ಹಚ್ಚಿ ಪೂರ್ತಿ ಬಿಗಿ.

ಮನೆಯಲ್ಲಿ ಮಾಡಬಾರದ್ದೂ ಇದೆ, ಅದನ್ನು ಹೇಳದೆ ಹೋದರೆ ನನ್ನ ಮಾತು ಅಪಾಯದ್ದಾಗುತ್ತದೆ. ಶಾಕ್ ಬದಲಿಸಿ, ಆದರೆ ಶಾಕ್ ಒಳಗೆ ಏನಿದೆ ನೋಡೋಣ ಎಂದು ಬಿಚ್ಚಬೇಡಿ. ಬೆಂಚಿನ ಮೇಲೆ ಸುಮ್ಮನೆ ಮಲಗಿರುವ ಶಾಕ್‌ನಲ್ಲೂ ಸ್ಪ್ರಿಂಗು ಒತ್ತಿಕೊಂಡೇ ಇದೆ, ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದರ ತಲೆ ಬಿಚ್ಚಿದವರ ಬೆರಳು ಉಳಿಯುವುದಿಲ್ಲ. ಒಳಗಿನ ಅನಿಲದ ಒತ್ತಡವೂ ಇದೆ, ಆದ್ದರಿಂದ ಕೊರೆಯುವುದು, ಕಾಯಿಸುವುದು, ಕತ್ತರಿಸುವುದು ಸಲ್ಲ. ಒಂದೇ ಶಾಕ್ ಇರುವ, ಲಿಂಕೇಜ್ ಇರುವ ಗಾಡಿಗಳಲ್ಲಿ ಅದು ಗಾಡಿಯ ಹೊಟ್ಟೆಯಲ್ಲಿ ಅಡಗಿರುತ್ತದೆ. ಅದನ್ನು ತೆಗೆದರೆ ಹಿಂದಿನ ಭಾಗವನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಗಾಡಿಯನ್ನು ಭದ್ರವಾಗಿ ನಿಲ್ಲಿಸುವ ವ್ಯವಸ್ಥೆಯೂ ಜೊತೆಗೊಬ್ಬ ತಿಳಿದವನೂ ಇಲ್ಲದೆ ಮೊದಲ ಸಲ ಅದಕ್ಕೆ ಕೈಹಾಕಬೇಡಿ ಎಂದೇ ಹೇಳುತ್ತೇನೆ.

ನನ್ನ ಗೆಳೆಯನೊಬ್ಬ ಕೇಳಿದ: ಮೂಲೆಯ ಮೆಕ್ಯಾನಿಕ್ ಇದನ್ನು ಅರ್ಧ ಗಂಟೆಯಲ್ಲಿ ಮಾಡುತ್ತಾನೆ, ಅವನ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀ? ನ್ಯಾಯದ ಪ್ರಶ್ನೆ. ಮೂಲೆಯ ಮೆಕ್ಯಾನಿಕ್‌ಗೆ ನನ್ನಿಂದ ಬೇರೆ ಕೆಲಸ ಸಾಕಷ್ಟು ಸಿಗುತ್ತದೆ, ಕ್ಲಚ್ಚು ಬಿಚ್ಚುವ ಧೈರ್ಯ ನನಗಿಲ್ಲ. ಆದರೆ ಶಾಕ್ ಬೋಲ್ಟು ಬಿಗಿಯಾದ ಕ್ಷಣಕ್ಕೆ ಮುಗಿಯುವ ಕೆಲಸವಲ್ಲ. ಆಮೇಲೆ ಅದನ್ನು ಕೂರುವವರ ತೂಕಕ್ಕೆ ಹೊಂದಿಸಬೇಕು. ಮೆಕ್ಯಾನಿಕ್ ಒಬ್ಬನೇ ಒಂದು ಸುತ್ತು ಹೊಡೆದು ಬಂದು "ಮಸ್ತ್ ಐತಿ" ಅನ್ನುತ್ತಾನೆ. ಅವನ ಹಿಂದೆ ಯಾರೂ ಕೂತಿರುವುದಿಲ್ಲ.

ಆ ಭಾನುವಾರ ನಾನು ಮೇಲೆ ಹೋಗಿ ಹೆಂಡತಿಯನ್ನು ಕರೆದೆ. "ಯಾಕ, ನಾ ಏನ್ ಮಾಡ್ಲಿ ಅಲ್ಲಿ?" ಅಂದಳು. ಅಳತೆಪಟ್ಟಿ ಕೊಟ್ಟೆ. ಗಾಡಿ ಸ್ಟ್ಯಾಂಡಿನ ಮೇಲಿದ್ದು ಚಕ್ರ ಗಾಳಿಯಲ್ಲಿರುವಾಗ ಅಚ್ಚಿನಿಂದ ಸೀಟಿನ ಅಂಚಿನವರೆಗೆ ಒಂದು ಅಳತೆ. ಆಮೇಲೆ ಗಾಡಿ ಇಳಿಸಿ, ನಾವಿಬ್ಬರೂ ಹೆಲ್ಮೆಟ್ ಹಾಕಿಕೊಂಡು ಕೂತು, ಅದೇ ಜಾಗದಲ್ಲಿ ಇನ್ನೊಂದು ಅಳತೆ. ಎರಡನೆಯದನ್ನು ತೆಗೆದವನು ವಾಚ್‌ಮನ್, ಮುಂದೆ ಗಾಡಿ ಹಿಡಿದು ನಿಂತವರು ಚೇರ್ಮನ್ನರು. ಹಿಂದಿನ ಚಕ್ರ ಒಟ್ಟು ಎಷ್ಟು ಏರಿಳಿಯಬಲ್ಲದೋ ಅದರ ಮೂರರಲ್ಲೊಂದು ಪಾಲು ನಮ್ಮ ಭಾರಕ್ಕೆ ಕೂಡಬೇಕು ಎಂಬುದು ರೂಢಿಯ ಲೆಕ್ಕ. ನನ್ನ ಗಾಡಿಯದು 80 ಮಿ.ಮೀ., ಅಂದರೆ 26ರ ಹತ್ತಿರ. ಮೊದಲ ಸಲ 35 ಬಂತು. ಬಳೆಯನ್ನು ಎರಡು ಮೆಟ್ಟಿಲು ಏರಿಸಿದ ಮೇಲೆ 27 ಬಂತು. ಇಷ್ಟು ವರ್ಷದಲ್ಲಿ ಗಾಡಿಯನ್ನು ಅವಳೂ ಕೂತು ಅಳೆದದ್ದು ಅದೇ ಮೊದಲು.

ಹೊರಗೆ ಸ್ಪೀಡ್ ಬ್ರೇಕರುಗಳ ಮೇಲೆ ಒಂದು ಸುತ್ತು ಹೋದೆವು. ಹೇಗಿದೆ ಎಂದು ಕೇಳಿದೆ. "ಸ್ವಲ್ಪ ಬಿರುಸು ಆತು. ಆದ್ರ ಎತ್ತಿ ಒಗಿಯೂದಿಲ್ಲ" ಅಂದಳು. ಜಾಬ್ ಕಾರ್ಡಿನ ಮೇಲೆ ಬರೆಯಬೇಕಾಗಿದ್ದ ಮಾತು ಅದು. ಡ್ಯಾಂಪರ್ ಸತ್ತ ಗಾಡಿಯಲ್ಲಿ ಹಿಂದಿನ ಟೈರು ಪ್ರತಿ ಉಬ್ಬಿನ ನಂತರ ನೆಲ ಬಿಡುತ್ತಿರುತ್ತದೆ, ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ತಿರುವಿನಲ್ಲಿ ಹಿಡಿತವೂ ಇಲ್ಲ. ಅಂಥ ಗಾಡಿಯ ಮೇಲೆ ಎರಡು ವರ್ಷ ಖಂಬಾಟಕಿಯ ತಿರುವುಗಳನ್ನು ಇಳಿದಿದ್ದೇನೆ. ಅವಳ ಬೆನ್ನು ಹೇಳಿದ್ದನ್ನು ಆಗಲೇ ಕೇಳಿದ್ದರೆ ನನ್ನ ಜೀವಕ್ಕೂ ಕ್ಷೇಮವಿತ್ತು.

ಹಳೆಯ ಜೋಡಿ ಕೊಡಲು ಭಂಗಾರವಾಲಾನನ್ನು ಕರೆದೆ. ಪುಣೆಗೆ ಹೊಸದಾಗಿ ಬಂದಾಗ ಬೀದಿಯಲ್ಲಿ "ಭಂಗಾರ್" ಎಂದು ಕೂಗುವವನನ್ನು ಕೇಳಿ ಇವನು ಬಂಗಾರ ಮಾರುವವನು ಅಂದುಕೊಂಡ ಕನ್ನಡಿಗರಲ್ಲಿ ನಾನೂ ಒಬ್ಬ. ಮರಾಠಿಯಲ್ಲಿ ಅದು ಗುಜರಿ. ಒಳಗೆ ಗ್ಯಾಸ್ ಇದೆ, ಕಾಯಿಸಬೇಡ, ಕತ್ತರಿಸಬೇಡ ಎಂದು ಎರಡು ಸಲ ಹೇಳಿದೆ. ಅವನು ತೂಕ ಮಾಡಿ, ಸ್ಪ್ರಿಂಗಿನ ಉಕ್ಕು ಚಲೋ ಇದೆ ಎಂದು ಮೆಚ್ಚಿ, ದುಡ್ಡು ಎಣಿಸಿದ.

ಈ ದೀಪಾವಳಿಗೆ ಹೆಂಡತಿ ಒಂದು ಷರತ್ತು ಹಾಕಿದಳು. ಕೊಲ್ಹಾಪುರದವರೆಗೆ ಬೈಕು, ಅಲ್ಲಿಂದ ಮುಂದಕ್ಕೆ ಬಸ್ಸಿನ ಒಂದು ಟಿಕೆಟ್ ಮೊದಲೇ ತೆಗೆಸಿಡಬೇಕು. ತೆಗೆಸಿದೆ. ಸಾತಾರಾದ ಆಚೆ ನಾಷ್ಟಾಕ್ಕೆ ನಿಂತೆವು, ಅದು ಬಿಟ್ಟರೆ ಕರಾಡದವರೆಗೆ ಭುಜದ ಮೇಲೆ ಕೈ ಬೀಳಲಿಲ್ಲ. ಕೊಲ್ಹಾಪುರದಲ್ಲಿ ಮಳೆ ಹಿಡಿಯಿತು. ಅವಳು ಬಸ್ಸು ಹತ್ತಿದಳು, ನಾನು ರೇನ್‌ಕೋಟು ಹಾಕಿಕೊಂಡೆ. ವಾಪಸ್ ಬರುವಾಗ ಟಿಕೆಟ್ಟಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.